ಅಮ್ಮನ ಸತ್ಯವೇದಕ್ಕೆ ಹೊಸ ಕಟ್ಟು: ಕಾಸರಗೋಡಿನ ಒಂದು ಬೈಂಡಿಂಗ್ ಅಂಗಡಿಯ ಅನುಭವ

ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಓಣಿಯೊಂದರಲ್ಲಿ, ಹಂಚಿನ ಮಾಡಿನ ಹಳೆಯ ಕಟ್ಟಡದ ಮಹಡಿಯ ಮೇಲೆ, ಪುಸ್ತಕಗಳನ್ನು ಕೈಯಿಂದಲೇ ಹೊಲಿದು ಕಟ್ಟಿಕೊಡುವ ಅಂಗಡಿಯೊಂದಿದೆ. ಕಳೆದ ಮೇ ತಿಂಗಳ ಕೊನೆಯಲ್ಲಿ ನಾನು ಅಲ್ಲಿಗೆ ಎರಡು ಸತ್ಯವೇದಗಳನ್ನು, ಅಂದರೆ ಕನ್ನಡ ಬೈಬಲ್‌ಗಳನ್ನು, ಕೊಂಡೊಯ್ದಿದ್ದೆ. ಒಂದು, ತೀರಿಕೊಂಡ ನನ್ನ ಅಮ್ಮನದು, ಇನ್ನೊಂದು ನನ್ನದು. ಕೆಲಸ ಹೇಗಾಯಿತು, ಎಷ್ಟು ಖರ್ಚಾಯಿತು, ಯಾರು ಅಲ್ಲಿಗೆ ಹೋಗಬಹುದು ಎಂಬುದನ್ನು ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಎರಡು ಪುಸ್ತಕಗಳು ಬೈಂಡರರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದ ಅರ್ಧ ಗಂಟೆಯಲ್ಲಿ, ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕೆಂಬ, ನಾನು ಆದಿತ್ಯವಾರದ ಶಾಲೆಯಲ್ಲೇ ಬಾಯಿಪಾಠ ಮಾಡಿ ಬಹುಮಾನ ಪಡೆದಿದ್ದ ಮಾತು, ಮೊದಲ ಸಲ ಕಣ್ಣಿಗೆ ಕಾಣಿಸಿತು. ಅದನ್ನು ಬಿಟ್ಟು ಬರೆದರೆ ಅಂಗಡಿಯ ಕುರಿತೂ ಅರ್ಧ ಮಾತನ್ನಷ್ಟೇ ಹೇಳಿದಂತಾಗುತ್ತದೆ.

ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದು ಅದನ್ನು ನಡೆಸುವ ಹಿರಿಯರೇ ಕೇಳಿಕೊಂಡಿದ್ದಾರೆ. ಒಬ್ಬರೇ ಮಾಡುವ ಕೆಲಸ, ಬಂದದ್ದೇ ಮುಗಿಯುತ್ತಿಲ್ಲ ಎಂಬುದು ಅವರ ಕಾರಣ. ಹಳೆ ಬಸ್ ನಿಲ್ದಾಣದ ಸುತ್ತಲಿನ ಯಾವುದೇ ಪುಸ್ತಕದ ಅಂಗಡಿಯಲ್ಲಿ ಕೈಹೊಲಿಗೆಯ ಸಾಹೇಬರು ಎಲ್ಲಿ ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ನಿಜ ಹೇಳಬೇಕೆಂದರೆ, ನಾನು ಅಮ್ಮನ ಸತ್ಯವೇದವನ್ನು ಯಾರ ಕೈಗೂ ಕೊಡಲು ಹೆದರಿ ಮೂರು ವರ್ಷ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವಳ ಸಂಗೀತ ಪುಸ್ತಕವನ್ನು ಬೇರೊಂದು ಊರಿನ ಅಂಗಡಿಗೆ ಕೊಟ್ಟಿದ್ದೆ. ಅಲ್ಲಿಯವರು ಪುಟಗಳ ಒಳಅಂಚಿಗೆ ಮೇಲಿನಿಂದ ಕೆಳಗೆ ತೂತು ಕೊರೆದು, ದಪ್ಪ ನೂಲನ್ನು ಬಿಗಿಯಾಗಿ ಎಳೆದು, ಬೆನ್ನಿಗೆ ಬಿಳಿ ಅಂಟು ಸುರಿದು, ಹೊರಗೆ ಕೆಂಪು ರೆಕ್ಸಿನ್ನನ್ನೂ ಚಿನ್ನದ ಅಕ್ಷರವನ್ನೂ ಹಾಕಿ ಒಂದೇ ದಿನದಲ್ಲಿ ಕೊಟ್ಟರು. ನೋಡಲು ಅದು ಮದುವೆಯ ಉಡುಗೊರೆಯಂತಿತ್ತು. ಆದರೆ ತೆರೆಯಲು ಹೋದರೆ ಪುಸ್ತಕ ತೆರೆದುಕೊಳ್ಳುತ್ತಲೇ ಇರಲಿಲ್ಲ. ಎರಡೂ ಕೈಯಿಂದ ಬಲವಾಗಿ ಒತ್ತಿ ಹಿಡಿದರೂ ಪ್ರತಿ ಸಾಲಿನ ಒಂದೆರಡು ಅಕ್ಷರ ಕಟ್ಟಿನ ಒಳಗೇ ಉಳಿಯುತ್ತಿತ್ತು. ಹಾಡಲು ಬಾರದ ಆ ಸಂಗೀತ ಪುಸ್ತಕ ಇಂದಿಗೂ ಕಪಾಟಿನಲ್ಲಿ ಅತ್ಯಂತ ಚೆಂದವಾಗಿ ಕಾಣುವ ಪುಸ್ತಕವಾಗಿಯೇ ಇದೆ.

ಹೀಗಾಗಿ ಈ ಸಲ ಮಹಡಿಯ ಮರದ ಮೆಟ್ಟಿಲು ಹತ್ತುವಾಗ ನನ್ನ ಮನಸ್ಸು ಅಳುಕುತ್ತಿತ್ತು. ಒಳಗೆ ಕಿಟಕಿಯ ಬಳಿ ಉದ್ದದ ಮೇಜು, ಮೂಲೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಸುತ್ತಲೂ ಸರದಿಗಾಗಿ ಕಾಯುವ ಪುಸ್ತಕಗಳ ರಾಶಿ. ಮದರಸದ ಮಕ್ಕಳ ಕುರ್‌ಆನ್ ಪ್ರತಿಗಳು, ಯಕ್ಷಗಾನ ಪ್ರಸಂಗಗಳ ಕಟ್ಟು, ಒಂದು ಸಹಕಾರಿ ಬ್ಯಾಂಕಿನ ಹಳೆಯ ಲೆಡ್ಜರುಗಳು, ಮಲಯಾಳದ ವೈದ್ಯಗ್ರಂಥ, ಕನ್ನಡದ ಭಾರತ ಎಲ್ಲವೂ ಒಂದರ ಮೇಲೊಂದು ಇದ್ದವು. ಗೌಡ ಸಾರಸ್ವತ ಮನೆತನದಲ್ಲಿ ಹುಟ್ಟಿದ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕನ್ನಡ ಖಂಡಕಾವ್ಯವಾಗಿ ಹಾಡಿದ್ದು ಇದೇ ಗಡಿನಾಡಿನಲ್ಲಿ ಎಂಬುದು ಆ ರಾಶಿಯನ್ನು ಕಂಡಾಗ ನೆನಪಾಯಿತು. ಇಲ್ಲಿ ಒಬ್ಬರ ಪವಿತ್ರ ಪುಸ್ತಕವನ್ನು ಇನ್ನೊಬ್ಬರು ಕೈತೊಳೆದು ಮುಟ್ಟುವುದು ಹೊಸ ಸಂಗತಿಯಲ್ಲ. ಸಾಹೇಬರು ಕೈತೊಳೆದೇ ಬಂದರು. ಬಟ್ಟೆ ಬಿಚ್ಚಿ ಅಮ್ಮನ ಪುಸ್ತಕವನ್ನು ಎರಡೂ ಅಂಗೈಗಳ ಮೇಲೆ ಎತ್ತಿ ನೋಡಿ, ಮೊದಲು ಕೇಳಿದ ಪ್ರಶ್ನೆ ಇದು:

“ಟೀಚರೇ, ಇದು ಓದ್ಲಿಕ್ಕಾ, ಇಡ್ಲಿಕ್ಕಾ?”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಹಿರಿಯರ ನೆನಪಿಗೆಂದು ಗಾಜಿನ ಕಪಾಟಿನಲ್ಲಿ ಇಡುವುದಾದರೆ ಹೊಲಿಗೆ ಬಿಚ್ಚುವ ಅಗತ್ಯವಿಲ್ಲ, ಬೆನ್ನಿಗೆ ಅಂಟು ಹಾಕಿ ಹೊಸ ಹೊದಿಕೆ ತೊಡಿಸಿದರೆ ಸಾಕು, ನಾನ್ನೂರು ರೂಪಾಯಿಗೆ ಮುಗಿಯುತ್ತದೆ. ದಿನವೂ ತೆರೆದು ಓದುವುದಾದರೆ ಪೂರ್ತಿ ಬಿಚ್ಚಬೇಕು, ಪ್ರತಿಯೊಂದು ಫಾರಂನ (ಒಟ್ಟಿಗೆ ಮಡಿಸಿ ಹೊಲಿಯುವ ಹಾಳೆಗಳ ಕಂತೆಯ) ಮಡಿಕೆಯನ್ನೂ ದುರಸ್ತಿ ಮಾಡಿ ಹೊಸದಾಗಿ ಹೊಲಿಯಬೇಕು, ಅದಕ್ಕೆ ಹಣವೂ ಹೆಚ್ಚು, ದಿನವೂ ಹೆಚ್ಚು. ಎರಡು ಬಗೆಯ ಗಿರಾಕಿಗಳೂ ಬರುತ್ತಾರಂತೆ. ಓದಲಿಕ್ಕೇ ಎಂದು ನಾನು ಹೇಳಿದೆನಾದರೂ, ಹೇಳುವ ಮೊದಲು ಒಂದು ಕ್ಷಣ ತಡೆದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂರು ವರ್ಷ ನಾನು ಅದನ್ನು ಇಟ್ಟಿದ್ದೆನಲ್ಲದೆ ಓದಿರಲಿಲ್ಲ.

ಬಳಿಕ ಅವರು ನನ್ನ ಸತ್ಯವೇದವನ್ನೂ ತೆಗೆದುಕೊಂಡು, ಎರಡನ್ನೂ ಮುಚ್ಚಿ, ತೆರೆಯುವ ಬದಿಯ ಅಂಚು ಕಿಟಕಿಯ ಬೆಳಕಿಗೆ ಬರುವಂತೆ ನಿಲ್ಲಿಸಿದರು. ನನ್ನ ಪುಸ್ತಕದ ಅಂಚು ಬಹುಮಟ್ಟಿಗೆ ಬೆಳ್ಳಗಿತ್ತು. ನಡುವಿನಲ್ಲಿ ಒಂದು ಬೆರಳಗಲ ಮಾತ್ರ ಕಂದುಬಣ್ಣಕ್ಕೆ ತಿರುಗಿತ್ತು, ಕೊನೆಯ ಕಡೆಗೆ ಇನ್ನೊಂದು ತೆಳುವಾದ ಗೆರೆ. ತೆರೆದು ನೋಡುವ ಅಗತ್ಯವೇ ಇರಲಿಲ್ಲ. ನಡುವಿನದು ಕೀರ್ತನೆಗಳು, ಕೊನೆಯದು ಸುವಾರ್ತೆಗಳು. ಕಷ್ಟ ಬಂದಾಗಲೆಲ್ಲ ನಾನು ಓಡಿಹೋಗುವ ಪುಟಗಳು ಅವು. ಅಮ್ಮನ ಪುಸ್ತಕದ ಅಂಚು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದೇ ಸಮನಾಗಿ, ಹದವಾಗಿ ಕುದಿಸಿದ ಚಹಾದ ಬಣ್ಣಕ್ಕೆ ಬಂದಿತ್ತು. ಎಲ್ಲಿಯೂ ಬಿಳಿಯ ಪಟ್ಟಿ ಇರಲಿಲ್ಲ.

“ಇದರಲ್ಲಿ ಎಲ್ಲಾ ಫಾರಂನ ನೂಲು ಒಂದೇ ಹಾಗೆ ಸಡಿಲ ಆಗಿದೆ, ಟೀಚರೇ. ಇಂಥದ್ದು ಕಾಣ್ಲಿಕ್ಕೆ ಸಿಗುವುದು ಕಡಿಮೆ,” ಎಂದರು ಸಾಹೇಬರು. ಹೊಗಳಿಕೆಯ ದನಿಯಲ್ಲ, ಕೆಲಸಗಾರನೊಬ್ಬ ಮರದ ಜಾತಿ ಹೇಳುವಂತೆ ಹೇಳಿದರು.

ಅಮ್ಮನ ಓದಿನ ಕ್ರಮ ಸರಳವಾಗಿತ್ತು. ನಮ್ಮ ಸತ್ಯವೇದದಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ವಾರದ ದಿನಗಳಲ್ಲಿ ಮೂರು, ಆದಿತ್ಯವಾರ ಐದು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ ಎಂಬ ಲೆಕ್ಕವನ್ನು ಹಳೆಯ ಕಾಲದ ಅಯ್ಯನವರೊಬ್ಬರು (ಸಭೆಯ ಪಾದ್ರಿ) ಅವಳಿಗೆ ಹೇಳಿಕೊಟ್ಟಿದ್ದರು. ಕೊನೆಯ ಪುಸ್ತಕವಾದ ಪ್ರಕಟನೆ ಮುಗಿದ ಮೇಲಿನ ಖಾಲಿ ಹಾಳೆಯಲ್ಲಿ ಅವಳು ಪ್ರತಿ ಸಲ ಮುಗಿಸಿದ ಇಸವಿಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ: 1981ರಿಂದ 2017ರವರೆಗೆ ಮೂವತ್ತೊಂದು ಇಸವಿಗಳು. ನಡುವೆ ಆರು ವರ್ಷ ಇಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷಗಳು ಅವು.

ಓದಿದ ಪುಟಗಳನ್ನು ಎಣಿಸಿ ಭಕ್ತಿಯನ್ನು ಅಳೆಯಲು ನಾನು ಹೊರಟಿಲ್ಲ. ಯೇಸುವಿನ ಕಾಲದ ಶಾಸ್ತ್ರಿಗಳು ಧರ್ಮಶಾಸ್ತ್ರವನ್ನು ನಮ್ಮೆಲ್ಲರಿಗಿಂತ ಹೆಚ್ಚು ಓದಿದ್ದರು; ಆದರೂ ಅವರಲ್ಲಿ ಹಲವರನ್ನು ಆತ ಕಟುವಾಗಿಯೇ ಖಂಡಿಸಿದ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ, ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಒಬ್ಬ ಶಾಸ್ತ್ರಿ ಕೇಳುವ ಪ್ರಸಂಗವಿದೆ. ದೇವರನ್ನು ಪೂರ್ಣ ಹೃದಯದಿಂದ, ಪ್ರಾಣದಿಂದ, ಬುದ್ಧಿಯಿಂದ, ಶಕ್ತಿಯಿಂದ ಪ್ರೀತಿಸಬೇಕೆಂದು ಯೇಸು ಉತ್ತರ ಕೊಡುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ, ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಎರಡು ಚಿಕ್ಕ ಕಾಸುಗಳನ್ನು ಹಾಕಿದ ಬಡ ವಿಧವೆಯನ್ನು ಶಿಷ್ಯರಿಗೆ ತೋರಿಸುತ್ತಾನೆ. ಉಳಿದವರು ತಮಗೆ ಸಾಕಾಗಿ ಮಿಕ್ಕಿದ್ದರಲ್ಲಿ ಕೊಟ್ಟರು, ಈಕೆ ತನ್ನ ಜೀವನವನ್ನೇ ಕೊಟ್ಟಳು ಎನ್ನುತ್ತಾನೆ. ಆಕೆಗೆ ಓದು ಬರುತ್ತಿತ್ತೋ ಇಲ್ಲವೋ ಸುವಾರ್ತೆ ಹೇಳುವುದಿಲ್ಲ. ಆಜ್ಞೆಯನ್ನು ಬಾಯಲ್ಲಿ ಹೇಳಿದ ಶಾಸ್ತ್ರಿ ಒಂದು ತುದಿಯಲ್ಲಿ, ಅದನ್ನು ಕೈಯಲ್ಲಿ ಮಾಡಿ ತೋರಿಸಿದ ವಿಧವೆ ಇನ್ನೊಂದು ತುದಿಯಲ್ಲಿ ಇರುವಂತೆ ಆ ಅಧ್ಯಾಯ ನನಗೆ ಯಾವಾಗಲೂ ಕಂಡಿದೆ.

ಯೇಸು ಉತ್ತರಿಸಿದ್ದು ಹೊಸ ಮಾತಿನಿಂದಲ್ಲ. ಅದು ಧರ್ಮೋಪದೇಶಕಾಂಡದ 6ನೇ ಅಧ್ಯಾಯದ್ದು. ಯೆಹೂದ್ಯರು ಇಂದಿಗೂ ಬೆಳಿಗ್ಗೆ ಸಂಜೆ ಹೇಳಿಕೊಳ್ಳುವ ವಚನ. ಅಲ್ಲಿ ಹೃದಯ, ಪ್ರಾಣ, ಶಕ್ತಿ ಎಂಬ ಮೂರು ಪದಗಳಿವೆ. ನಾವು ಹೃದಯವೆಂದರೆ ಭಾವನೆ ಎಂದುಕೊಳ್ಳುತ್ತೇವೆ. ಹಾಡುವಾಗ ಕಣ್ಣು ತುಂಬಿದರೆ ಪೂರ್ಣಹೃದಯದ ಆರಾಧನೆಯಾಯಿತೆಂದು ಸಮಾಧಾನಪಡುತ್ತೇವೆ. ಆದರೆ ಅಲ್ಲಿನ ಇಬ್ರಿಯ ಪದವಾದ ‘ಲೇವಾವ್’ ಯೋಚಿಸುವ, ತೀರ್ಮಾನಿಸುವ, ಇಚ್ಛಿಸುವ ಒಳಗಿನ ಮನುಷ್ಯನನ್ನೆಲ್ಲ ಸೂಚಿಸುತ್ತದೆ. ಶಕ್ತಿ ಎಂದು ಕನ್ನಡಿಸಿರುವ ‘ಮೆಓದ್’ ಎಂಬ ಪದವನ್ನು ಯೆಹೂದ್ಯರ ಹಳೆಯ ಉಪಾಧ್ಯಾಯರು ಆಸ್ತಿ, ಹಣ ಎಂದೂ ಅರ್ಥೈಸಿದರು. ಹೃದಯದಲ್ಲಿ ಒಳ್ಳೆಯದರ ಕಡೆಗೂ ಕೆಟ್ಟದ್ದರ ಕಡೆಗೂ ಎಳೆಯುವ ಎರಡು ಸೆಳೆತಗಳಿವೆ, ಎರಡನ್ನೂ ಕೂಡಿಸಿ ದೇವರನ್ನು ಪ್ರೀತಿಸಬೇಕು ಎಂಬುದು ಅವರದೇ ವ್ಯಾಖ್ಯಾನ. ಹಾಗಿದ್ದರೆ ನನ್ನೊಳಗಿನ ಭಕ್ತಳನ್ನು ಮಾತ್ರ ಆದಿತ್ಯವಾರ ಸಭೆಗೆ ಕರೆದುಕೊಂಡು ಹೋಗಿ, ಉಳಿದವಳನ್ನು ಮನೆಯಲ್ಲಿ ಬಿಟ್ಟು ಬರಲು ಬರುವುದಿಲ್ಲ.

ಅಮ್ಮ ಈ ವ್ಯಾಖ್ಯಾನಗಳನ್ನು ಕೇಳಿದವಳಲ್ಲ. ಅವಳು ಎರಡು ದನ ಕಟ್ಟಿಕೊಂಡು, ಹಾಲು ಮಾರಿ, ನಮ್ಮನ್ನು ಓದಿಸಿದವಳು. ಪುಸ್ತಕ ಬಿಚ್ಚುವ ಮೊದಲು ಸಾಹೇಬರು ಹಾಳೆಗಳ ನಡುವೆ ಸಿಕ್ಕಿದ್ದನ್ನೆಲ್ಲ ಒಂದು ಲಕೋಟೆಗೆ ಹಾಕುತ್ತಾ ಹೋದರು: ತಾಳೆಗರಿಯ ಆದಿತ್ಯವಾರದ ಒಣಗಿದ ಗರಿ, ನನ್ನ ಮೊದಲ ಸಂಬಳದ ತಿಂಗಳು ನಾನು ಬರೆದ ಕಾಗದ, ಹಾಲಿನ ಲೆಕ್ಕದ ಚೀಟಿಗಳು ಏಳೆಂಟು. ಹಾಗೆ ಹುಡುಕುತ್ತಿರುವಾಗ ಯಾಜಕಕಾಂಡದ 19ನೇ ಅಧ್ಯಾಯದ ಬಳಿ ಕೈ ನಿಂತಿತು. ಆ ಪುಟದ ಕೆಳಭಾಗದಲ್ಲಿ ಹಳದಿಗಟ್ಟಿದ, ಕಾಗದವನ್ನು ಸ್ವಲ್ಪ ಬಿರುಸಾಗಿಸಿದ ಒಂದು ಗುಂಡಗಿನ ಕಲೆ ಇತ್ತು. ಹಾಲಿನ ಕಲೆ. ಅದರ ಪಕ್ಕದಲ್ಲಿ ಇರುವುದು 35 ಮತ್ತು 36ನೇ ವಚನಗಳು: ತೂಕದಲ್ಲಾಗಲಿ ಅಳತೆಯಲ್ಲಾಗಲಿ ಅನ್ಯಾಯ ಮಾಡಬೇಡಿ, ನಿಮ್ಮ ತಕ್ಕಡಿ, ತೂಕದ ಕಲ್ಲು, ಧಾನ್ಯದ ಅಳತೆ, ದ್ರವದ ಅಳತೆ ಎಲ್ಲವೂ ನ್ಯಾಯವಾಗಿರಲಿ ಎಂಬ ಆಜ್ಞೆ. ವಚನದ ಅಂಚಿನಲ್ಲಿ ಅಮ್ಮ ಬರೆದದ್ದು ಒಂದೇ ಪದ: ‘ಕುಡ್ತೆ’.

ಕುಡ್ತೆಯೆಂದರೆ ನಮ್ಮ ಕಡೆಯ ಹಳೆಯ ಅಳತೆ. ಹಾಲು ಅಳೆಯಲು ಅವಳ ಬಳಿ ಇದ್ದ ಹಿತ್ತಾಳೆಯ ಪಾತ್ರೆಗೂ ಅದೇ ಹೆಸರು. ಅದು ಒಂದು ಬದಿಯಲ್ಲಿ ಜಜ್ಜಿಹೋಗಿ ಸ್ವಲ್ಪ ಒಳಕ್ಕೆ ಸರಿದಿದ್ದರಿಂದ ಹಿಡಿಯುವ ಹಾಲು ಕಡಿಮೆಯಾಗಿರಬಹುದೆಂದು ಅವಳಿಗೆ ಅನುಮಾನ ಬಂದು, ಅಂದಿನಿಂದ ಪ್ರತಿ ಮನೆಗೆ ಅಳೆದಾದ ಮೇಲೆ ಒಂದು ಸುರಿ ಹೆಚ್ಚು ಹಾಕುತ್ತಿದ್ದಳು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಅದು ಅವಳ ಸ್ವಭಾವದ ಧಾರಾಳತನವೆಂದು ತಿಳಿದಿದ್ದೆ. ಅದರ ಬೇರು ಯಾಜಕಕಾಂಡದಲ್ಲಿ, ನಾನು ಇಷ್ಟು ವರ್ಷ ಬಲಿಗಳ ಮತ್ತು ಕುಷ್ಠದ ನಿಯಮಗಳ ಪುಸ್ತಕವೆಂದು ದಾಟಿಹೋದ ಪುಟಗಳಲ್ಲಿ ಇತ್ತು ಎಂಬುದು ಆ ಮೇಜಿನ ಬಳಿ ತಿಳಿಯಿತು. ಇನ್ನೊಂದು ಸಂಗತಿಯೂ ಅಲ್ಲಿಯೇ ಎದುರಾಯಿತು. ಶಾಸ್ತ್ರಿಗೆ ಉತ್ತರ ಕೊಡುವಾಗ ಯೇಸು ಮೊದಲನೆಯ ಆಜ್ಞೆಗೆ ಜೋಡಿಸಿ ಹೇಳಿದ ಎರಡನೆಯ ಆಜ್ಞೆ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು, ಅದೇ 19ನೇ ಅಧ್ಯಾಯದ 18ನೇ ವಚನ. ಹಾಲಿನ ಕಲೆಯಿಂದ ಒಂದು ಗೇಣೂ ದೂರವಿಲ್ಲ. ನಾನು ಅದನ್ನು ನೂರು ಸಲ ಮಾರ್ಕನಲ್ಲಿ ಓದಿದ್ದೆ. ಅದರ ತವರು ಯಾವ ಪುಟವೆಂದು ನೋಡಲು ಹೋಗಿರಲಿಲ್ಲ.

ನನ್ನ ಭಕ್ತಿಯಲ್ಲಿ ಏನು ಕೊರತೆ ಎಂಬುದು ಇಲ್ಲಿ ಗೊತ್ತಾಯಿತು. ನಾನು ದೇವರನ್ನು ಪ್ರೀತಿಸಲಿಲ್ಲವೆಂದಲ್ಲ. ನನಗೆ ಸಾಂತ್ವನ ಕೊಡುವ ಪುಟಗಳಲ್ಲಿ ಪ್ರೀತಿಸಿದೆ. ನನ್ನಿಂದ ಏನಾದರೂ ಕೇಳುವ ಪುಟಗಳನ್ನು ಬೆಳ್ಳಗೆ ಉಳಿಸಿಕೊಂಡೆ. ಯೆಹೂದದ ಅರಸನಾದ ಅಮಚ್ಯನ ಬಗ್ಗೆ ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ ಹೇಳುವ ಮಾತು ನೆನಪಾದರೆ ಈಗಲೂ ಎದೆ ಭಾರವಾಗುತ್ತದೆ: ಅವನು ದೇವರ ದೃಷ್ಟಿಯಲ್ಲಿ ಒಳ್ಳೆಯದನ್ನೇ ಮಾಡಿದ, ಆದರೆ ಪೂರ್ಣಮನಸ್ಸಿನಿಂದಲ್ಲ. ಅವನ ಮೇಲೆ ಆ ವಚನ ಹೊರಿಸುವ ಕುಂದು ಅಷ್ಟೇ. ಅದಕ್ಕೆ ಎದುರಾಗಿ ಅರಸನಾದ ಯೋಷೀಯನ ಕಥೆಯಿದೆ. ಕ್ರಿ.ಪೂ. 622ರ ಸುಮಾರಿಗೆ, ಅವನ ಆಳ್ವಿಕೆಯ 18ನೇ ವರ್ಷದಲ್ಲಿ, ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ ಮಹಾಯಾಜಕನಾದ ಹಿಲ್ಕೀಯನಿಗೆ ಧರ್ಮೋಪದೇಶದ ಗ್ರಂಥ ಸಿಕ್ಕಿತು. ಲೇಖಕನಾದ ಶಾಫಾನನು ಅದನ್ನು ಓದುವುದನ್ನು ಕೇಳಿ ಅರಸನು ಬಟ್ಟೆ ಹರಿದುಕೊಂಡನು. ದೇವರ ಆಲಯದೊಳಗೇ ದೇವರ ಮಾತು ಕಾಣೆಯಾಗಿ ಕುಳಿತಿತ್ತು, ದುರಸ್ತಿಗೆ ಕೈ ಹಾಕಿದಾಗ ಸಿಕ್ಕಿತು. ಪೂರ್ಣ ಹೃದಯ, ಪ್ರಾಣ, ಬಲಗಳಿಂದ ದೇವರ ಕಡೆಗೆ ತಿರುಗಿಕೊಂಡ ಅವನಂಥ ಅರಸನು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಎಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಧರ್ಮೋಪದೇಶಕಾಂಡದ ಆ ಮೂರೂ ಪದಗಳು ಅಲ್ಲಿ ಒಬ್ಬ ಮನುಷ್ಯನ ಬಾಳಿಗೆ ಅನ್ವಯವಾಗುತ್ತವೆ.

ಇನ್ನು ಕೆಲಸದ ವಿಚಾರ. ಒಪ್ಪಿಸಿದ ಮೇಲೆ ನಾನು ಎರಡು ಸಲ ಹೋಗಿ ನೋಡಿದೆ, ಸಾಹೇಬರು ಬೇಡವೆನ್ನಲಿಲ್ಲ. ಅಮ್ಮನ ಪುಸ್ತಕದಲ್ಲಿ 44 ಫಾರಂಗಳಿದ್ದವು. ಒಂದೊಂದನ್ನೂ ಬೇರ್ಪಡಿಸಿ, ಬೆನ್ನಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಹಳೆಯ ಸರಸೆಂಬ ಅಂಟನ್ನು ತೇವದ ಬಟ್ಟೆಯಿಂದ ಮೆತ್ತಗಾಗಿಸಿ, ಮೊಂಡು ಚಾಕುವಿನಿಂದ ಕೆರೆದು ತೆಗೆದಿದ್ದರು. ಮಡಿಕೆಯಲ್ಲಿ ಹರಿದ ಹಾಳೆಗಳಿಗೆ ಹಿಂಬದಿಯ ಅಕ್ಷರ ಕಾಣುವಷ್ಟು ತೆಳುವಾದ ಕಾಗದದ ಪಟ್ಟಿಗಳನ್ನು ಅಂಟಿಸಿದ್ದರು. ಸತ್ಯವೇದದ ಕಾಗದ ಈರುಳ್ಳಿ ಸಿಪ್ಪೆಯಂತೆ ತೆಳುವಾದ್ದರಿಂದ ಅಂಟು ಒಂದು ಹನಿ ಹೆಚ್ಚಾದರೂ ಸುಕ್ಕುಗಟ್ಟುತ್ತದೆ. ಅದಕ್ಕಾಗಿ ಅವರು ಬೆರಳ ತುದಿಯಿಂದಲೇ ಹಚ್ಚುತ್ತಿದ್ದರು. ಅಂಟು ಮನೆಯಲ್ಲೇ ಕಾಯಿಸಿದ ಮೈದಾದ್ದು, ಹುಳ ಹಿಡಿಯದಂತೆ ಚಿಟಿಕೆಯಷ್ಟು ಮೈಲುತುತ್ತು ಬೆರೆಸಿದ್ದು. ಹೊಲಿಗೆಗೆ ಮೇಣ ಸವರಿದ ಹತ್ತಿಯ ನೂಲು. ಮರದ ಚೌಕಟ್ಟಿನಲ್ಲಿ ನಾಲ್ಕು ಬಟ್ಟೆಯ ಪಟ್ಟಿಗಳನ್ನು ಬಿಗಿದು, ಒಂದು ಫಾರಂ ಇಟ್ಟು, ಅದರ ಮಡಿಕೆಯ ಒಳಗಿನಿಂದ ಸೂಜಿ ಹೊರಬಂದು ಪಟ್ಟಿಯನ್ನು ಸುತ್ತಿ ಮತ್ತೆ ಒಳಹೋಗಿ, ತುದಿ ತಲುಪಿದಾಗ ಕೆಳಗಿನ ಫಾರಂಗೆ ಗಂಟು ಹಾಕಿ, ನಂತರ ಮುಂದಿನ ಫಾರಂ. ನಾನು ನೋಡಿದ ದಿನ ಯೆಶಾಯನ ಪುಸ್ತಕ ಹೊಲಿಗೆಯಲ್ಲಿತ್ತು. ಒಂದು ಫಾರಂ ಬಿಟ್ಟುಹೋದರೆ ಏನಾಗುತ್ತದೆ ಎಂದು ಕೇಳಿದೆ. ಅದೊಂದು ಮಾತ್ರ ಬೀಳುವುದಿಲ್ಲ, ಅದರ ಮೇಲಿನದಕ್ಕೂ ಕೆಳಗಿನದಕ್ಕೂ ಹಿಡಿತ ಇರುವುದಿಲ್ಲ ಎಂದರು.

ಕೀರ್ತನೆ 86ರಲ್ಲಿ, ನಿನ್ನ ನಾಮದ ಭಯಭಕ್ತಿಯಲ್ಲಿ ಇರುವಂತೆ ನನ್ನ ಹೃದಯವನ್ನು ಒಂದುಗೂಡಿಸು ಎಂಬ ಅರ್ಥದ ಬೇಡಿಕೆಯಿದೆ. ಚದುರಿದ ಹೃದಯವನ್ನು ನಾನೇ ಒಂದು ಮಾಡಿಕೊಂಡು ನಿನ್ನ ಬಳಿಗೆ ಬರುತ್ತೇನೆ ಎಂದು ಕೀರ್ತನಕಾರ ಹೇಳುವುದಿಲ್ಲ. ಒಂದು ಮಾಡಿಕೊಡು ಎಂದು ಕೇಳುತ್ತಾನೆ. ಸಂಕಲ್ಪಗಳನ್ನು ಮಾಡಿ ಮಾಡಿ ಮುರಿದುಕೊಂಡ ನನ್ನಂಥವಳಿಗೆ ಈ ವ್ಯತ್ಯಾಸ ದೊಡ್ಡದು. ಆ ದಿನ ಸೂಜಿ ಯೆಶಾಯನಿಂದ ಯೆರೆಮೀಯನಿಗೆ ದಾಟುವವರೆಗೆ ಅಲ್ಲಿಯೇ ಕುಳಿತು, ಮನಸ್ಸಿನಲ್ಲಿ ಅದೊಂದೇ ವಚನವನ್ನು ಪ್ರಾರ್ಥಿಸಿದೆ.

ಹಾಳೆಗಳ ಅಂಚನ್ನು ಯಂತ್ರಕ್ಕೆ ಕೊಟ್ಟು ಕತ್ತರಿಸಬಾರದೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ಅಮ್ಮನ ಟಿಪ್ಪಣಿಗಳು ಅಂಚಿನವರೆಗೂ ಇವೆ. ಆ ಮಾತನ್ನು ಅವರು ಅಕ್ಷರಶಃ ನಡೆಸಿದ್ದಾರೆ. ಒಂದು ಪೆನ್ಸಿಲಿನ ಗೆರೆಯೂ ಹೋಗಿಲ್ಲ, ಚಹಾಬಣ್ಣದ ಅಂಚು ಇದ್ದಂತೆಯೇ ಇದೆ. ಹೊದಿಕೆಗೆ ರೆಕ್ಸಿನ್ ಬೇಡವೆಂದವರು ಅವರೇ. ಸಮುದ್ರದ ಗಾಳಿಗೆ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆಯಂತೆ. ಕಪ್ಪು ಕ್ಯಾಲಿಕೊ ಬಟ್ಟೆ ಹಾಕಿದ್ದಾರೆ. ಬೆನ್ನಿನ ಮೇಲೆ ಅಕ್ಷರವಿಲ್ಲ, ನಾನೂ ಕೇಳಲಿಲ್ಲ. ಮುಖ್ಯವಾದದ್ದು ಇದು: ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲಿ ತೆರೆದರೂ, ಆದಿಕಾಂಡದ ಮೊದಲ ಪುಟದಲ್ಲಿ ತೆರೆದರೂ, ಕೈ ಬಿಟ್ಟರೆ ಮುಚ್ಚಿಕೊಳ್ಳದೆ ಚಪ್ಪಟೆಯಾಗಿ ಮಲಗುತ್ತದೆ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಈ ಮಾತುಗಳ ವಿಷಯ ಮಾತಾಡಬೇಕೆಂದು ಧರ್ಮೋಪದೇಶಕಾಂಡ ಹೇಳುವಾಗ ಇಂಥ ಪುಸ್ತಕವೇ ಅದಕ್ಕೆ ಬೇಕಾದದ್ದು ಎನಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಮೂರು ವಾರ ಎಂದದ್ದು ಏಳು ವಾರವಾಯಿತು. ಜೂನ್ ತಿಂಗಳ ಮಳೆಗೆ ಮೈದಾ ಅಂಟು ಒಣಗದೆ, ಅವಸರ ಮಾಡಿದರೆ ಬೂಸಲು ಹಿಡಿಯುತ್ತದೆಂದು ಕಾದರಂತೆ. ಕಾರಣ ಸರಿಯಾದದ್ದೇ, ಆದರೆ ಮೊದಲೇ ತಿಳಿಸಿದ್ದರೆ ನಾನು ಆಗಸ್ಟ್ ಕಳೆದ ಮೇಲೆ ಕೊಡುತ್ತಿದ್ದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ನೇರ ಹೋಗಿಯೇ ವಿಚಾರಿಸಬೇಕು. ರಶೀದಿ ಕೊಡುವ ಪದ್ಧತಿಯಿಲ್ಲ, ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ನಾನು ಎರಡು ರಿಬ್ಬನ್ ಕೇಳಿದ್ದೆ, ಒಂದನ್ನೇ ಹಾಕಿದ್ದಾರೆ. ಅಮ್ಮನ ಪುಸ್ತಕಕ್ಕೆ 1,650 ರೂಪಾಯಿ ತೆಗೆದುಕೊಂಡರು, ಅದರಲ್ಲಿ 500 ಮುಂಗಡ. ಇಷ್ಟು ಹಣಕ್ಕೆ ಹೊಸ ಕನ್ನಡ ಸತ್ಯವೇದವನ್ನೇ ಕೊಂಡು ಇನ್ನೂ ಹಣ ಉಳಿಸಬಹುದಿತ್ತೆಂದು ನಮ್ಮ ಸಭೆಯ ಒಬ್ಬರು ಹೇಳಿದರು. ಓದಲು ಪುಸ್ತಕವಿಲ್ಲದವರಿಗೆ ನಾನೂ ಅದನ್ನೇ ಹೇಳುತ್ತೇನೆ: ಮೊದಲು ಹೊಸದನ್ನು ಕೊಳ್ಳಿ. ಮನೆಯಲ್ಲಿ ಹಿರಿಯರು ಓದಿ ಬರೆದಿಟ್ಟ ಪ್ರತಿ ಇದ್ದು, ಅದನ್ನು ಮತ್ತೆ ಓದುವ ಮನಸ್ಸಿದ್ದರೆ ಮಾತ್ರ ಈ ಖರ್ಚು ಸಾರ್ಥಕ. ಬರೇ ಇಡುವುದಕ್ಕಾದರೆ ಸಾಹೇಬರೇ ಹೇಳಿದಂತೆ ನಾನ್ನೂರರ ಕೆಲಸ ಸಾಕು.

ಈ ಕರಾವಳಿಯಲ್ಲಿ ಕನ್ನಡ ಪುಸ್ತಕ ಕಟ್ಟುವ ಕೆಲಸಕ್ಕೂ ಸತ್ಯವೇದಕ್ಕೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆಯಿತು. ಬೈಂಡಿಂಗ್ ವಿಭಾಗವೂ ಅದಕ್ಕೆ ಸೇರಿಕೊಂಡಿತು. ಆಗ ಕಾಸರಗೋಡು ಕೂಡ ಮಂಗಳೂರಿನಂತೆಯೇ ಕೆನರಾ ಜಿಲ್ಲೆಯ ಭಾಗವಾಗಿತ್ತು, ಆ ಜಿಲ್ಲೆ ಒಡೆದ ಮೇಲೆ ದಕ್ಷಿಣ ಕನ್ನಡದಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಸಾಹೇಬರು ಈ ವಿದ್ಯೆಯನ್ನು ಕಲಿತದ್ದು ಮಂಗಳೂರಿನಲ್ಲಿ ಕೆಲಸ ಮಾಡಿ ಬಂದ ಒಬ್ಬ ಹಿರಿಯ ಕೆಲಸಗಾರರ ಕೈಕೆಳಗಂತೆ.

ನನ್ನ ಸತ್ಯವೇದದ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಕೀರ್ತನೆಗಳ ಮೂರು ಫಾರಂ ಮಾತ್ರ ನೂಲು ಕಡಿದು ಹೊರಬಂದಿದ್ದವು. ಅಮ್ಮನದರ ಜೊತೆಗೆ ಇದನ್ನೂ ಪೂರ್ತಿ ಬಿಚ್ಚಿ ಹೊಲಿದುಬಿಡಿ, ಹಣ ಕೊಡುತ್ತೇನೆ ಎಂದೆ. ಸಾಹೇಬರು ಒಪ್ಪಲಿಲ್ಲ. ಆ ಮೂರನ್ನು ಮಾತ್ರ ಹೊಲಿದು ಸೇರಿಸಿ 200 ರೂಪಾಯಿ ತೆಗೆದುಕೊಂಡರು.

“ಉಳಿದದ್ದರ ನೂಲಿಗೆ ಏನೂ ಆಗಲಿಲ್ಲ, ಟೀಚರೇ. ಓದಿ ಸಡಿಲ ಆದ ಮೇಲೆ ತನ್ನಿ, ಆಗ ಹೊಲಿಯುವಾ,” ಎಂದರು.

ಗಿರಾಕಿಯ ಹಣ ಉಳಿಸುವ ಮಾತಾಗಿ ಅವರು ಹೇಳಿದ್ದು ಅದು. ಬಸ್ಸಿನಲ್ಲಿ ಮನೆಗೆ ಬರುವಾಗ ಎರಡೂ ಪುಸ್ತಕಗಳು ಮಡಿಲಲ್ಲಿದ್ದವು. ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬನು ಎರಡು ಮನಸ್ಸುಳ್ಳವನ ಬಗ್ಗೆ ಬರೆದದ್ದನ್ನು ನಾನು ಯಾವಾಗಲೂ ವಿಶ್ವಾಸ ಬಿಟ್ಟುಹೋದವರ ಕುರಿತ ಎಚ್ಚರಿಕೆಯೆಂದೇ ಓದಿಕೊಂಡಿದ್ದೆ. ಸಭೆಗೆ ತಪ್ಪದೆ ಹೋಗುವ, ಕಾಣಿಕೆ ತಪ್ಪಿಸದ, ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ನಡೆಸುವ ಮನುಷ್ಯಳೊಬ್ಬಳ ಅಂಚು ಎಷ್ಟು ಬೆಳ್ಳಗಿರಬಹುದೆಂದು ಯೋಚಿಸಿರಲಿಲ್ಲ. ನೆರೆಮನೆಯವರೊಂದಿಗೆ ಗಡಿಕಲ್ಲಿನ ವಿಷಯಕ್ಕೆ ಮಾತು ಬಿಟ್ಟು ನಮಗೆ ನಾಲ್ಕು ವರ್ಷವಾಗಿತ್ತು. ಅದು ನನ್ನ ಪ್ರಾರ್ಥನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಬಾರದಂತೆ ನಾನೇ ಆ ಪುಟವನ್ನು ಮುಚ್ಚಿಟ್ಟಿದ್ದೆ. ಜುಲೈ ತಿಂಗಳ ಕೊನೆಯ ವಾರ, ಯಾಜಕಕಾಂಡದ 19ನೇ ಅಧ್ಯಾಯವನ್ನು ನನ್ನ ಪುಸ್ತಕದಲ್ಲಿ ಓದಿದ ಸಂಜೆ, ಅವರ ಮನೆಯ ಮೆಟ್ಟಿಲು ಹತ್ತಿದೆ. ಅಲ್ಲಿಯ ಹಿರಿಯಕ್ಕ ಮಣೆ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ಕಲ್ಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಮಾತು ಮಾತ್ರ ಶುರುವಾಗಿದೆ.

ಹೊಸದಾಗಿ ಕಟ್ಟಿದ ಪುಸ್ತಕವನ್ನು ಒಮ್ಮೆಲೇ ನಡುವಿಗೆ ತೆರೆಯಬಾರದು, ಮೊದಲಿನಿಂದ ಕೆಲವು ಹಾಳೆ, ಕೊನೆಯಿಂದ ಕೆಲವು ಹಾಳೆ ಎಂದು ಎರಡೂ ಕಡೆಯಿಂದ ಮೆಲ್ಲನೆ ಒತ್ತುತ್ತಾ ನಡುವಿಗೆ ಬರಬೇಕು ಎಂಬುದು ಸಾಹೇಬರು ಹೇಳಿಕೊಟ್ಟ ಕ್ರಮ. ಅಲ್ಲಿಗೆ ಪುಸ್ತಕ ಕೊಡುವವರು ಇದನ್ನು ನೆನಪಿಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಕೊಡಿ, ಪ್ಲಾಸ್ಟಿಕ್ ಚೀಲದ ಬದಲು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಅಂಚು ಕತ್ತರಿಸುವುದು ಬೇಡವಾದರೆ ಬರೆದೇ ಕೊಡಿ, ರಿಬ್ಬನ್ ಎಷ್ಟೆಂಬುದನ್ನೂ ಅದರಲ್ಲೇ ಬರೆಯಿರಿ. ಎರಡನೆಯ ರಿಬ್ಬನ್ ಹಾಕಿಸಲು ನಾನು ದಸರಾ ರಜೆಯಲ್ಲಿ ಮತ್ತೆ ಹೋಗಬೇಕೆಂದಿದ್ದೇನೆ. ಈಗ ಬೆಳಿಗ್ಗೆ ಅಮ್ಮನ ಪುಸ್ತಕದಲ್ಲಿ ಓದುತ್ತೇನೆ, ರಾತ್ರಿ ಅದೇ ಅಧ್ಯಾಯಗಳನ್ನು ನನ್ನದರಲ್ಲಿ. ಅವಳ ಪುಸ್ತಕಕ್ಕಿರುವ ಒಂದೇ ರಿಬ್ಬನ್ ಅರಣ್ಯಕಾಂಡದ ಆರಂಭದಲ್ಲಿದೆ; ಹೊಸ ಒಡಂಬಡಿಕೆಯ ಗುರುತಿಗೆ ಸದ್ಯಕ್ಕೆ ಲಕೋಟೆಯಲ್ಲಿದ್ದ ಹಾಲಿನ ಲೆಕ್ಕದ ಚೀಟಿಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ.